ಒರೆಸಿದ ನೆಲ

ನಮ್ಮ ಮನೆಯಲ್ಲಿ ಬೆಳಗಾಗುವುದು ಕೋಳಿ ಕೂಗಿದ್ದಕ್ಕಲ್ಲ, ಬಚ್ಚಲು ಗುಳುಗುಳು ಅಂದದ್ದಕ್ಕೆ. ಬೀದಿಯ ಮೇಲ್ತುದಿಯಲ್ಲಿ ದೊಡ್ಡ ಅಪಾರ್ಟ್‌ಮೆಂಟು ಎದ್ದ ಮೇಲೆ ಶುರುವಾದ ಭಾಗ್ಯ ಇದು. ಅಲ್ಲಿಯ ಜನ ಎದ್ದು, ಫ್ಲಶ್ ಒತ್ತಿ, ಸ್ನಾನ ಮಾಡಿ, ಘಮಘಮ ಅಂತ ಕೆಲಸಕ್ಕೆ ಹೊರಡುವ ಹೊತ್ತಿಗೆ ಅವರು ಬಿಟ್ಟದ್ದೆಲ್ಲ ಬೀದಿಯಡಿಯ ಹಳೇ ಪೈಪಿನಲ್ಲಿ ಇಳಿದು ಬರುತ್ತದೆ. ನಮ್ಮ ಮನೆ ಮುಂದಿನ ಮ್ಯಾನ್‌ಹೋಲಿಗೆ ಬಂದು, ಮುಂದಕ್ಕೆ ದಾರಿ ಕಾಣದೆ, ನಮ್ಮ ಬಚ್ಚಲ ತೂತಿನಿಂದ ಮೇಲೇಳುತ್ತದೆ. ಇಡೀ ಬೀದಿಗೆ ತಗ್ಗಿನ ಮನೆ ನಮ್ಮದು. ಮೇಲಿದ್ದವರದ್ದೆಲ್ಲ ಕೆಳಗಿದ್ದವನ ತಲೆಗೇ ಅಲ್ಲವೇ.

ಮನೆ ಅಂದರೆ ಎರಡು ಕೋಣೆ. ಮುಂದಿನ ಕೋಣೆಯಲ್ಲಿ ಅಜ್ಜಿಯ ಕಬ್ಬಿಣದ ಮಂಚ. ಮಂಚದಿಂದ ನಾಲ್ಕು ಹೆಜ್ಜೆಗೆ ಬಚ್ಚಲು. ಹೊಸ್ತಿಲು ಎಷ್ಟು ಎತ್ತರ ಮಾಡಿದರೂ ನೀರು ಅದನ್ನು ದಾಟಿ, ಮಂಚದ ಕಾಲನ್ನು ಮುಟ್ಟಿ, ಒಂದಿಷ್ಟು ಹೊತ್ತು ಅಲ್ಲೇ ಠಿಕಾಣಿ ಹೂಡಿ, ಒಂಬತ್ತರ ಹೊತ್ತಿಗೆ ತಾನಾಗಿ ಇಳಿದು ಹೋಗುತ್ತದೆ. ಬಂದದ್ದರಲ್ಲಿ ನೀರು ಮಾತ್ರ ವಾಪಸು ಹೋಗುತ್ತದೆ. ಉಳಿದದ್ದು ನಮಗೆ.

"ದೊಡ್ಡವರ ಮನೆ ಸ್ನಾನದ ನೀರು ಕಣೋ ಮಗಾ," ಅಂತ ಅಜ್ಜಿ ಮಂಚದ ಮೇಲಿಂದ ಹೇಳುತ್ತಿದ್ದಳು. "ಒಳ್ಳೇ ಸೋಪಿನ ವಾಸನೆ ಬಂದ ಹಾಗಿದೆ."

"ಅದು ಸೋಪಲ್ಲ ಅಜ್ಜಿ."

"ಗೊತ್ತು ಬಿಡೋ. ನಂಗೂ ಮೂಗಿದೆ."

ಅಜ್ಜಿಗೆ ಸಕ್ಕರೆ ಕಾಯಿಲೆ. ಬಲಗಾಲಿನ ಬೆರಳುಗಳ ಬುಡದಲ್ಲಿ ಒಂದು ಹುಣ್ಣು, ಎಷ್ಟು ಮುಲಾಮು ತಿಂದರೂ ಮಾಯದ ಹಟಮಾರಿ ಹುಣ್ಣು. ಬ್ಯಾಂಡೇಜು ಬದಲಿಸಲು ಬರುವ ಸಿಸ್ಟರ್ ಒಂದು ದಿನ ನನ್ನನ್ನೂ ಅಮ್ಮನನ್ನೂ ಹೊರಗೆ ಕರೆದು ಹೇಳಿದ್ದರು: "ನೋಡಿ, ಈ ಗಾಯಕ್ಕೆ ಆ ನೀರು ಒಂದು ಸಲ ತಾಗಿದರೂ ಸಾಕು. ಆಮೇಲೆ ಡಾಕ್ಟರು ಔಷಧಿ ಮಾತಾಡಲ್ಲ, ಕತ್ತರಿಸೋ ಮಾತಾಡ್ತಾರೆ." ಅಂದಿನಿಂದ ನಮ್ಮ ಮನೆಯ ಬದುಕೆಲ್ಲ ಅಜ್ಜಿಯ ಬಲಗಾಲಿನ ಸುತ್ತ ತಿರುಗತೊಡಗಿತು. ಬೆಳಗಿನ ನೀರು ಏರುವ ಮೊದಲೇ ಅವಳನ್ನು ಬಚ್ಚಲಿಗೆ ಕರೆದೊಯ್ದು ಮಂಚಕ್ಕೆ ಹತ್ತಿಸಿಬಿಡಬೇಕು. ನೀರು ಇಳಿದು, ಅಮ್ಮ ಎರಡು ಸಲ ಫಿನಾಯಿಲ್ ಹಾಕಿ ಒರೆಸಿ, ನೆಲ ಒಣಗುವ ತನಕ ಅಜ್ಜಿ ಕಾಲು ಕೆಳಗಿಡುವಂತಿಲ್ಲ.

ನೆಲ ಒರೆಸುವುದು ಅಮ್ಮನ ಕಸುಬು. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಮಧ್ಯಾಹ್ನದಿಂದ ಅವಳಿಗೆ ಅದೇ ಕೆಲಸ. ಅಲ್ಲಿ ಸಂಬಳಕ್ಕೆ ಒರೆಸುತ್ತಾಳೆ, ಮನೆಯಲ್ಲಿ ಮಾನಕ್ಕೆ ಒರೆಸುತ್ತಾಳೆ. ಅಪ್ಪ ತೀರಿಕೊಂಡ ದಿನವೂ, ಜನ ಬರುತ್ತಾರೆ ಅಂತ, ಅಳುತ್ತಲೇ ನೆಲ ಒರೆಸಿದವಳು ಅವಳು.

ನೀರು, ಚರಂಡಿ ಎರಡನ್ನೂ ನೋಡಿಕೊಳ್ಳುವುದು ಒಂದು ಕಂಪನಿ. ಅದರ ಬಿಲ್ಲಿನ ಮೇಲೆ ನೀಲಿ ಹನಿಯೊಂದು ನಗುತ್ತಿರುತ್ತದೆ. ಆ ನಗುವನ್ನು ಕಂಡರೆ ನನಗೆ ಮೈಯೆಲ್ಲ ಉರಿ. ದೂರು ಕೊಟ್ಟಾಗಲೆಲ್ಲ ಕಂಪನಿಯವರು ಒಬ್ಬನನ್ನು ಕಳಿಸುತ್ತಿದ್ದರು. ಕೊರಳಿಗೆ ಕಾರ್ಡು, ಕೈಯಲ್ಲಿ ಮೊಬೈಲು. ಫೋಟೋ ತೆಗೆಯುವುದು ಬಿಟ್ಟು ಅವನು ಇನ್ನೇನಾದರೂ ಮಾಡಿದ್ದನ್ನು ಯಾರೂ ಕಂಡಿಲ್ಲ. ಹಾಗಾಗಿ ಬೀದಿಯವರು ಅವನಿಗೆ ಫೋಟೋ ಸಾಹೇಬ ಅಂತ ಹೆಸರಿಟ್ಟಿದ್ದರು. ಅವನ ಬೆಳಗು ಹತ್ತರ ಮೇಲೆ. ಅವನು ಬಂದು ಮ್ಯಾನ್‌ಹೋಲಿನ ಮುಚ್ಚಳ ಎತ್ತಿಸಿ ನೋಡುವ ಹೊತ್ತಿಗೆ ಅಪಾರ್ಟ್‌ಮೆಂಟಿನವರು ಆಫೀಸುಗಳಲ್ಲಿ ಕೂತಿರುತ್ತಾರೆ, ಪೈಪಿನಲ್ಲಿ ಕಿರುಬೆರಳು ದಪ್ಪದ ನೀರು ಸದ್ದಿಲ್ಲದೆ ಹರಿಯುತ್ತಿರುತ್ತದೆ. ಒಂದು ಫೋಟೋ. ಆಮೇಲೆ ಮನೆಯೊಳಗೆ. ಒಳಗೆ ಅಮ್ಮ ಆಗಷ್ಟೇ ಒರೆಸಿಟ್ಟ ನೆಲ ಫಳಫಳ ಹೊಳೆಯುತ್ತಿರುತ್ತದೆ. ಇನ್ನೊಂದು ಫೋಟೋ.

ಇದು ನನಗೆ ಗೊತ್ತಿರಲಿಲ್ಲ. ನಾನು ಫರ್ನಿಚರ್ ಅಂಗಡಿಯ ಟೆಂಪೋ ಓಡಿಸುವವನು, ಎಂಟಕ್ಕೇ ಮನೆ ಬಿಡುತ್ತೇನೆ. ಒಂದು ದಿನ ಪಕ್ಕದ ಬೀದಿಗೆ ಬೀರು ಇಳಿಸಲು ಬಂದವನು ಹಾಗೇ ಮನೆಗೆ ಇಣುಕಿದರೆ, ಮನೆಯಲ್ಲಿದ್ದ ಒಂದೇ ಕುರ್ಚಿಯಲ್ಲಿ ಫೋಟೋ ಸಾಹೇಬ ಕಾಲ ಮೇಲೆ ಕಾಲು ಹಾಕಿ ಕೂತಿದ್ದಾನೆ. ಕೈಯಲ್ಲಿ ಟೀ ಕಪ್ಪು, ಅದೂ ನೆಂಟರಿಗೆ ಅಂತ ಎತ್ತಿಟ್ಟ ಕಪ್ಪು.

"ನಿಮ್ಮ ಮನೆ ನಮ್ಮ ಆಫೀಸಿಗಿಂತ ಕ್ಲೀನಾಗಿದೆ ಅಮ್ಮಾ," ಅನ್ನುತ್ತಿದ್ದ ಅವನು.

ಅಮ್ಮನ ಮುಖ ಅರಳಿತ್ತು. "ಏನೋ ನಮ್ಮ ಕೈಲಾದಷ್ಟು ಸಾರ್. ಬೆಳಗ್ಗೆ ಬಂದಿದ್ರೆ ನೋಡೋಕೇ ಆಗ್ತಿರಲಿಲ್ಲ."

"ಈಗ ಇಲ್ಲವಲ್ಲ. ಈಗ ಇರೋದನ್ನ ತಾನೇ ನಾನು ತೋರಿಸೋಕಾಗೋದು."

"ಬೆಳಗ್ಗೆ ಏಳಕ್ಕೆ ಬನ್ನಿ," ಅಂದೆ ನಾನು ಬಾಗಿಲಲ್ಲೇ ನಿಂತು. "ತೋರಿಸ್ತೀನಿ."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ತಮ್ಮಾ, ನಮ್ಮ ಡ್ಯೂಟಿ ಶುರುವಾಗೋದೇ ಹತ್ತಕ್ಕೆ."

"ಚರಂಡಿಗೆ ಹೇಳಿ ಹಾಗಾದ್ರೆ, ಹತ್ತರ ಮೇಲೆ ಉಕ್ಕು ಅಂತ."

"ಸುಮ್ನಿರೋ," ಅಂದಳು ಅಮ್ಮ. "ಮನೆಗೆ ಬಂದವರ ಹತ್ರ ಹೀಗಾ ಮಾತಾಡೋದು?"

ಅವನು ಕಪ್ಪು ಕೆಳಗಿಟ್ಟು, ಟೀ ಚೆನ್ನಾಗಿತ್ತು ಅಂತ ಹೇಳಿ ಹೋದ.

ನಾನು ಟೆಂಪೋ ತಿರುಗಿಸಿಕೊಂಡು ನೇರ ಕಂಪನಿಯ ಆಫೀಸಿಗೆ ಹೋದೆ. ಗ್ರಾಹಕರ ಕೇಂದ್ರ ಅಂತ ಬೋರ್ಡು. ಒಳಗೆ ತಣ್ಣನೆ ಗಾಳಿ, ಮುಖ ಕಾಣುವ ನೆಲ, ಗಾಜಿನ ಆಚೆ ಸಾಲಾಗಿ ಕಂಪ್ಯೂಟರು. ನನ್ನ ಸರದಿ ಬಂದಾಗ ಕೌಂಟರಿನ ಮೇಡಂ ಪರದೆ ನೋಡಿ ನಕ್ಕರು.

"ನಿಮ್ಮ ದೂರು ಪರಿಹಾರ ಆಗಿದೆ ಸಾರ್."

"ಯಾರು ಹೇಳಿದ್ದು?"

"ನೀವೇ. ಗ್ರಾಹಕರು ತೃಪ್ತರಾಗಿದ್ದಾರೆ ಅಂತ ಬಂದಿದೆ." ಅವರು ಇನ್ನೊಂದಿಷ್ಟು ಕೆಳಗೆ ಸರಿಸಿ ನೋಡಿದರು. "ಹಿಂದಿನ ಸಲವೂ ತೃಪ್ತರಾಗಿದ್ರಿ. ಅದರ ಹಿಂದಿನ ಸಲವೂ."

"ಮೇಡಂ, ನಾನು ಹುಟ್ಟಿದಾಗಿಂದ ಒಂದು ದಿನವೂ ತೃಪ್ತನಾಗಿಲ್ಲ."

ನನ್ನ ಹಿಂದೆ ಸಾಲಿನಲ್ಲಿದ್ದ ಯಾರೋ ಕಿಸಕ್ಕೆಂದರು. ಮೇಡಂ ನಗಲಿಲ್ಲ. ಇನ್ನೊಂದು ದೂರು ಹಾಕಿದರು. ನಾಳೆ ನಮ್ಮವರು ಬರುತ್ತಾರೆ, ಹತ್ತರ ಮೇಲೆ, ಅಂದರು.

ತೃಪ್ತಿಪಟ್ಟವರು ಯಾರು ಅಂತ ಮನೆಗೆ ಬಂದು ಕೇಳಿದರೆ, ಅಮ್ಮ ಈರುಳ್ಳಿ ಹೆಚ್ಚುತ್ತಾ ತಲೆ ಎತ್ತದೆ ಹೇಳಿದಳು: "ನೀನು ಆಚೆ ಹೋಗ್ತಿದ್ದ ಹಾಗೇ ಫೋನ್ ಬಂತು. ಯಾರೋ ಹುಡುಗಿ. ಎಷ್ಟು ಮರ್ಯಾದೆಯಾಗಿ ಮಾತಾಡಿದಳು ಗೊತ್ತಾ. ನಮ್ಮ ಸೇವೆ ನಿಮಗೆ ಸಮಾಧಾನ ತಂದಿದ್ರೆ ಒಂದು ಒತ್ತಿ, ಇಲ್ಲದಿದ್ರೆ ಎರಡು ಒತ್ತಿ ಅಂದಳು."

"ನೀನು ಒಂದು ಒತ್ತಿದೆ."

"ಮತ್ತೆ? ಆ ಮನುಷ್ಯ ಪಾಪ ಬಿಸಿಲಲ್ಲಿ ಬಂದಿದ್ದ. ಎರಡು ಒತ್ತಿದ್ರೆ ಅವನ ಕೆಲಸಕ್ಕೆ ಕುತ್ತು ಬರಲ್ವಾ?"

"ಅದು ಹುಡುಗಿ ಅಲ್ಲಮ್ಮ, ಮಿಷನ್ನು."

"ಮಿಷನ್ನಾದರೇನು, ಬಾಯಿ ಒಳ್ಳೇದಿತ್ತು."

ಮಂಚದ ಮೇಲಿಂದ ಅಜ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೆ ನಗು ಬರಲಿಲ್ಲ. ಗೋಡೆಗೆ ಗುದ್ದಿದೆ. ಗೋಡೆಗೇನಾಗಬೇಕು, ನನ್ನ ಗೆಣ್ಣಿನ ಚರ್ಮ ಕಿತ್ತು ಬಂತು.

"ಅಮ್ಮ, ಕೇಳಿಲ್ಲಿ. ನೀನು ಒರೆಸಿಡ್ತೀಯ, ಅವನು ಅದರ ಫೋಟೋ ತೆಗೀತಾನೆ. ಅವರ ಪಾಲಿಗೆ ನಮ್ಮ ಮನೆಯಲ್ಲಿ ಏನೂ ಆಗೇ ಇಲ್ಲ. ನಾಳೆ ಒರೆಸಬೇಡ."

ಅವಳ ಚಾಕು ನಿಂತಿತು. "ಒರೆಸದೆ? ಹೊರಗಿನವರು ಬರೋ ಹೊತ್ತಿಗೆ ಮನೆ ತುಂಬ ಅದನ್ನ ಇಟ್ಕೊಂಡು ಕೂರಲಾ?"

"ಒಂದೇ ದಿನ."

"ಅದಕ್ಕಿಂತ ನನ್ನ ಮುಖಕ್ಕೇ ಬಳಿದುಬಿಡು."

ಮರುದಿನ ನಾನು ಕೆಲಸಕ್ಕೆ ಹೋಗಲಿಲ್ಲ. ಪೊರಕೆ, ಒರೆಸುವ ಬಟ್ಟೆ, ಬಕೆಟ್ಟು, ಫಿನಾಯಿಲ್ ಕ್ಯಾನು ಎಲ್ಲವನ್ನೂ ಟೆಂಪೋದಲ್ಲಿ ಹಾಕಿ ಬೀಗ ಜಡಿದು ಕೀಲಿಕೈಯನ್ನು ಜೇಬಿಗಿಳಿಸಿದೆ. ಬೆಳಗಿನ ನೀರು ಎಂದಿನಂತೆ ಬಂತು. ಎಂದಿನಂತೆ ಇಳಿಯಿತು. ಬಿಟ್ಟು ಹೋದದ್ದು ನೆಲದ ಮೇಲೆ ಕಂದು ಬಣ್ಣದ ಪದರವಾಗಿ ಕೂತಿತು, ಅಂಚಿನಲ್ಲಿ ಟಿಶ್ಯೂ ಕಾಗದದ ಚೂರು, ಯಾರದೋ ಮನೆಯ ಕೂದಲಿನ ಗಂಟು. ನೊಣಗಳಿಗೆ ಯಾರೂ ಫೋನ್ ಮಾಡಿರಲಿಲ್ಲ, ಆದರೂ ಹೊತ್ತಿಗೆ ಸರಿಯಾಗಿ ಬಂದವು.

ಅಮ್ಮ ನನ್ನ ಮುಂದೆ ಕೈ ಚಾಚಿದಳು. "ಕೀಲಿ ಕೊಡು."

"ಇಲ್ಲ."

"ಕೊಡೋ. ನಿನ್ನ ಹೆತ್ತದ್ದಕ್ಕೆ ಕೇಳ್ತಿದೀನಿ."

"ಅವನು ನೋಡಲಿ. ಆಮೇಲೆ ನಾನೇ ಒರೆಸ್ತೀನಿ."

ಅವಳು ಹೊರಗೆ ಹೋಗಿ, ಬೀದಿಗೆ ಬೆನ್ನು ಹಾಕಿ ಮೆಟ್ಟಿಲ ಮೇಲೆ ಕೂತಳು. ಅಜ್ಜಿ ಮಂಚದ ಮೇಲೆ ಮಂಡಿ ಮಡಚಿಕೊಂಡು, ಮೂಗಿಗೆ ಸೆರಗು ಹಿಡಿದುಕೊಂಡು ನಮ್ಮಿಬ್ಬರನ್ನೂ ನೋಡುತ್ತಿದ್ದಳು.

ಹನ್ನೊಂದು ದಾಟಿದ ಮೇಲೆ ಫೋಟೋ ಸಾಹೇಬ ಬಂದ. ಹೊಸ್ತಿಲಲ್ಲೇ ನಿಂತು ಕರ್ಚೀಫು ಮೂಗಿಗೆ ಒತ್ತಿಕೊಂಡ. ಕಾಲು ಒಳಗಿಡಲಿಲ್ಲ. ಕೈ ಮಾತ್ರ ಚಾಚಿ ಎರಡು ಫೋಟೋ ತೆಗೆದು, ತಿರುಗಿ ಬೀದಿಗಿಳಿದ. ನಾನು ಹಿಂದೆಯೇ ಹೋದೆ.

"ನೋಡಿದ್ರಲ್ಲ. ಈಗ ಬರೀರಿ."

"ಬರೀತೀನಿ." ಅವನು ಮೊಬೈಲಿನಲ್ಲಿ ಬೆರಳಾಡಿಸುತ್ತಲೇ ಹೇಳಿದ. "ಮ್ಯಾನ್‌ಹೋಲಿನಲ್ಲಿ ನೀರು ಹೋಗ್ತಾ ಇದೆ. ಇದು ಮನೆಯೊಳಗಿನ ತೊಂದರೆ. ಗೋಡೆಯಿಂದ ಒಳಗೆ ನಮ್ಮ ಕಂಪನಿಗೆ ಸಂಬಂಧ ಇಲ್ಲ ತಮ್ಮಾ."

"ನಿನ್ನೆ ನೆಲ ಒಣಗಿತ್ತು, ತೊಂದರೆ ಇಲ್ಲ ಅಂದ್ರಿ. ಇವತ್ತು ಇಷ್ಟಿದೆ, ನಮ್ಮ ತೊಂದರೆ ಅಂತೀರಿ. ನಿಮ್ಮ ತೊಂದರೆ ಅನ್ನಿಸಿಕೊಳ್ಳೋಕೆ ಅದು ಎಷ್ಟು ಬರಬೇಕು, ಕುತ್ತಿಗೆವರೆಗಾ?"

ಅವನು ನನ್ನನ್ನು ಬಿಟ್ಟು ಮೆಟ್ಟಿಲ ಮೇಲೆ ಕೂತಿದ್ದ ಅಮ್ಮನ ಕಡೆ ತಿರುಗಿದ. "ಏನಮ್ಮಾ, ಚೆನ್ನಾಗಿಟ್ಕೊಂಡಿದ್ರಲ್ಲ. ಗುಡಿಸೋದು ಒರೆಸೋದು ಬಿಟ್ಟೇಬಿಟ್ರಾ?"

ನಾನು ಅವನ ಕೊರಳಿನ ಕಾರ್ಡಿಗೆ ಕೈ ಹಾಕಿದೆ. ಪಟ್ಟಿ ಹಿಡಿದು ಎಳೆದೆ. ಅವನು ನನ್ನ ಮಣಿಕಟ್ಟು ಹಿಡಿದ. ಎದುರು ಮನೆಯವರು ಓಡಿ ಬಂದು ನಡುವೆ ನಿಂತರು, ನಾಲ್ಕು ಜನ ನಾಲ್ಕು ಮಾತು. ಈ ಗಲಾಟೆಯಲ್ಲಿ ಒಳಗಿಂದ ಅಜ್ಜಿ ಎಷ್ಟು ಸಲ ಕೂಗಿದಳೋ, ಯಾರಿಗೂ ಕೇಳಲಿಲ್ಲ. ಮುದುಕಿಗೆ ಬಚ್ಚಲಿಗೆ ಹೋಗಬೇಕಾಗಿತ್ತು. ಎಷ್ಟು ಅಂತ ತಡೆದಾಳು.

ಮೊದಲು ಎದ್ದವಳು ಅಮ್ಮ. ನಾನು ಅವಳ ಹಿಂದೆ ಒಳಗೆ ನುಗ್ಗುವ ಹೊತ್ತಿಗೆ ಅಜ್ಜಿ ಮಂಚಕ್ಕೂ ಬಚ್ಚಲಿಗೂ ನಡುವೆ ಗೋಡೆ ಹಿಡಿದು ನಿಂತಿದ್ದಳು. ಕಾಲಿನ ಬಿಳಿ ಬ್ಯಾಂಡೇಜು ಕಂದು ಬಣ್ಣಕ್ಕೆ ತಿರುಗಿತ್ತು. ಪಾದದ ಕೆಳಗಿಂದ ಒದ್ದೆ ಮೇಲಕ್ಕೆ ಏರುತ್ತಿತ್ತು.

"ಜಾರಲಿಲ್ಲ ಕಣೇ," ಅಂದಳು ಅಮ್ಮನಿಗೆ, ತಪ್ಪು ಮಾಡಿದ ಮಗುವಿನ ಹಾಗೆ. "ಗೋಡೆ ಹಿಡ್ಕೊಂಡೇ ಬಂದೆ."

ಅಮ್ಮ ನನ್ನ ಮುಖ ನೋಡಿದಳು. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಅವಳು ಒರೆಸಿದರೆ ಕಂಪನಿಯ ಕಣ್ಣಿಗೆ ಏನೂ ಬೀಳುವುದಿಲ್ಲ, ಒರೆಸದಿದ್ದರೆ ಅಜ್ಜಿಯ ಕಾಲು ಉಳಿಯುವುದಿಲ್ಲ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಅಂತ ಆ ನಗುವ ನೀಲಿ ಹನಿ ನಮ್ಮ ಮುಂದಿಟ್ಟಿತ್ತು. ಆರಿಸಿದವನು ನಾನು.

ಸಿಸ್ಟರ್ ಓಡಿ ಬಂದರು. ಬ್ಯಾಂಡೇಜು ಬಿಚ್ಚಿ, ತೊಳೆದು, ಚುಚ್ಚುಮದ್ದು ಕೊಟ್ಟು, ಹೊಸದು ಕಟ್ಟಿದರು. ಎರಡು ದಿನ ಕಾದು ನೋಡೋಣ, ಬಣ್ಣ ತಿರುಗಿದರೆ ಆಸ್ಪತ್ರೆಗೆ ತನ್ನಿ, ಅಂದರು. ಹೋಗುವಾಗ ನೆಲ ನೋಡಿ, "ಇವರನ್ನ ಇಲ್ಲಿ ಮಾತ್ರ ಇಡಬೇಡಿ," ಅಂದರು.

"ಎಲ್ಲಿಡೋದು ಸಿಸ್ಟರ್?" ಅಂದಳು ಅಮ್ಮ.

ಅಮ್ಮ ಸಿಸ್ಟರನ್ನು ಬಾಗಿಲವರೆಗೆ ಕಳಿಸಿ ಬಂದಳು. ಆಮೇಲೆ ನನಗೆ ಹೇಳಿದಳು: "ಟೆಂಪೋ ಬಾಗಿಲಿಗೆ ತಾ."

"ಎಲ್ಲಿಗೆ?"

"ನಿನ್ನೆ ಹೋಗಿದ್ಯಲ್ಲ, ಆ ಆಫೀಸಿಗೆ ಮೆಟ್ಟಿಲಿದೆಯಾ?"

"ಇಲ್ಲ. ಗಾಲಿಕುರ್ಚಿಯವರಿಗೆ ಅಂತ ಇಳಿಜಾರು ಮಾಡಿದ್ದಾರೆ."

"ನೆಲ ಒಣಗಿರುತ್ತಾ?"

ಆಗ ನನಗೆ ಅರ್ಥವಾಯಿತು. ಅಜ್ಜಿಗೆ ನನಗಿಂತ ಮೊದಲೇ ಆಗಿತ್ತು. "ನನ್ನ ದಿಂಬು ಮರೀಬೇಡಿ," ಅಂದಳು. "ಪರರ ಮನೇಲಿ ನಂಗೆ ನಿದ್ದೆ ಬರಲ್ಲ."

ಮಂಚ ಸಾಗಿಸುವುದು ನನ್ನ ಕಸುಬು. ಎದುರು ಮನೆಯವರು ಇಬ್ಬರು ಕೈ ಕೊಟ್ಟರು. ಟೆಂಪೋದಲ್ಲಿ ಮಂಚ, ಮಂಚದ ಮೇಲೆ ಅಜ್ಜಿ, ಅಜ್ಜಿಯ ಪಕ್ಕ ಅವಳ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಅಮ್ಮ. ಅಜ್ಜಿ ದಾರಿಯುದ್ದಕ್ಕೂ ಅಂಗಡಿಗಳ ಬೋರ್ಡು ನೋಡುತ್ತಾ ಬಂದಳು. ಊರು ನೋಡಿ ಬಹಳ ಕಾಲವಾಗಿತ್ತು ಅವಳಿಗೆ.

ಕಂಪನಿಯ ವಾಚ್‌ಮನ್ ಓಡಿ ಬಂದ. "ಏನ್ರೀ ಇದು, ಡೆಲಿವರಿಯಾ? ಯಾರು ಆರ್ಡರ್ ಮಾಡಿದ್ದು?"

"ನಿಮ್ಮ ಮ್ಯಾನೇಜರು," ಅಂದೆ. "ಆ ಕಡೆ ಹಿಡೀರಿ ಅಣ್ಣಾ, ಭಾರ ಇದೆ."

ಅವನು ಹಿಡಿದ. ಕೌಂಟರಿನ ಮುಂದೆ ಮಂಚ ಇಳಿಸಿ ಆದ ಮೇಲೆ ಮಂಚದ ಮೇಲೊಬ್ಬರು ಇದ್ದಾರೆ ಅನ್ನುವುದು ಅವನ ತಲೆಗೆ ಹೋಯಿತು. ಸಾಲಿನಲ್ಲಿ ನಿಂತವರು ತಿರುಗಿದರು. ಗಾಜಿನಾಚೆ ಕಂಪ್ಯೂಟರುಗಳ ಟಕಟಕ ನಿಂತಿತು. ಅಜ್ಜಿ ಸುತ್ತ ನೋಡಿ, "ತಂಪಾಗಿದೆ," ಅಂದಳು.

ಒಳಕೋಣೆಯಿಂದ ಮ್ಯಾನೇಜರು ಬಂದರು. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ದನಿ. "ಅಮ್ಮಾ, ಇದು ಆಫೀಸು. ಇಲ್ಲಿ ಹೀಗೆಲ್ಲ ಮಾಡಬಾರದು."

"ನಮ್ಮದು ಮನೆ ಸಾರ್," ಅಂದಳು ಅಮ್ಮ. "ಅಲ್ಲೂ ಹಾಗೆಲ್ಲ ಮಾಡಬಾರದು."

"ನಿಮ್ಮ ದೂರು ಕೊಡಿ, ಪರಿಶೀಲಿಸೋಣ."

"ನಿಮ್ಮ ಪೈಪಿನಲ್ಲಿ ಇರಬೇಕಾದ್ದು ದಿನಾ ನಮ್ಮ ಮನೆಗೆ ಬರುತ್ತೆ. ಇವತ್ತು ನಮ್ಮ ಮನೇಲಿ ಇರಬೇಕಾದವರು ನಿಮ್ಮ ಆಫೀಸಿಗೆ ಬಂದಿದಾರೆ. ಅದು ನಿಂತ ದಿನ ಇವರು ಎದ್ದು ಬರ್ತಾರೆ."

ಅವಳ ದನಿ ಒಂದಿಷ್ಟೂ ಏರಿರಲಿಲ್ಲ. ಆದರೆ ನಾನು ಹುಟ್ಟಿದಾಗಿಂದ ಅವಳು ಯಾರೆದುರೂ ಹಾಗೆ ಮಾತಾಡಿದ್ದನ್ನು ಕೇಳಿರಲಿಲ್ಲ. ಮ್ಯಾನೇಜರು ಪೊಲೀಸಿಗೆ ಫೋನ್ ಮಾಡುತ್ತೇನೆ ಅಂದರು. "ಮಾಡಿ," ಅಂದಳು ಅಮ್ಮ. "ಅವರೂ ಮುದುಕಿಯನ್ನ ಎತ್ಕೊಂಡು ಹೋಗಿ ಇಡೋಕೆ ಒಣ ಜಾಗ ಹುಡುಕಬೇಕಾಗುತ್ತೆ."

ಸಾಲಿನಿಂದ ಒಬ್ಬ ಹೆಂಗಸು, ನಮ್ಮ ನಲ್ಲಿಯಲ್ಲಿ ಬರುವ ನೀರಿಗೂ ಅದೇ ವಾಸನೆ ಅಂದಳು. ಇನ್ನೊಬ್ಬ, ನಮ್ಮ ಮ್ಯಾನ್‌ಹೋಲಿನ ಮುಚ್ಚಳ ಹೋಗಿ ಕಾಲವಾಯಿತು, ನನಗೂ ತೃಪ್ತಿ ಅಂತಲೇ ಬರೆದಿದ್ದಾರೆ ಅಂದ. ಒಬ್ಬೊಬ್ಬರೇ ಸಾಲು ಬಿಟ್ಟು ಮಂಚದ ಸುತ್ತ ನಿಂತರು. ಯಾರೋ ಮೊಬೈಲು ಎತ್ತಿ ಫೋಟೋ ತೆಗೆಯತೊಡಗಿದರು. ಆಗ ಮಾತ್ರ ಮ್ಯಾನೇಜರ ಇಸ್ತ್ರಿ ಕೆಟ್ಟಿತು.

"ಸಂಜೆ ಪೈಪು ತೊಳೆಯೋ ಗಾಡಿ ಕಳಿಸ್ತೀನಿ," ಅಂದರು.

"ಸಂಜೆ ಏನೂ ಕಾಣಲ್ಲ. ಬೆಳಗ್ಗೆ ಏಳಕ್ಕೆ ಕಳಿಸಿ. ನೀವೂ ಬನ್ನಿ. ನಮ್ಮ ಬಚ್ಚಲ ಮುಂದೆ ನಿಂತು ನೋಡಿ."

ಅವರು ಒಪ್ಪಿದರು. ಜನರೆದುರು ಒಪ್ಪಿದ್ದರಿಂದ ಬರಲೇಬೇಕಾಯಿತು. ಅಜ್ಜಿಯನ್ನು ಆ ಒಂದು ರಾತ್ರಿಗೆ ಅಂತ ಎದುರು ಮನೆಯವರು ಬಿಟ್ಟುಕೊಟ್ಟ ಜಗಲಿ ಕೋಣೆಯಲ್ಲಿ ಮಲಗಿಸಿದೆವು. ಬೆಳಗ್ಗೆ ಮ್ಯಾನೇಜರು ನಮ್ಮ ಮುಂದಿನ ಕೋಣೆಯಲ್ಲಿ ನಿಂತಿದ್ದರು, ಪಕ್ಕದಲ್ಲಿ ಫೋಟೋ ಸಾಹೇಬ. ಬಚ್ಚಲು ಗುಳುಗುಳು ಅಂದಿತು. ಮೊದಲು ಅವರು ಒಂದು ಹೆಜ್ಜೆ ಹಿಂದೆ ಸರಿದರು, ಆಮೇಲೆ ಇನ್ನೊಂದು, ಆಮೇಲೆ ಹಿಂದೆ ಗೋಡೆ ಬಂತು. ನೀರು ಅವರ ಬೂಟಿನ ಹೊಲಿಗೆಯವರೆಗೆ ಏರಿತು.

"ಇದು... ದಿನಾನಾ?" ಅಂದರು.

ಫೋಟೋ ಸಾಹೇಬ ಈ ಸಲ ಮೊಬೈಲು ತೆಗೆಯಲಿಲ್ಲ.

ಗಾಡಿಯವರು ಮ್ಯಾನ್‌ಹೋಲಿನಿಂದ ಮುಂದಕ್ಕೆ ಪೈಪಿನೊಳಗೆ ಕೊಳವೆ ಬಿಟ್ಟು ಜೋರಾಗಿ ನೀರು ಹಾಯಿಸಿದರು. ಮಧ್ಯಾಹ್ನದ ಹೊತ್ತಿಗೆ ಅಡ್ಡ ಸಿಕ್ಕಿಕೊಂಡದ್ದು ಹೊರಬಂತು: ಸಿಮೆಂಟಿನ ಗಟ್ಟಿಗಳು, ಒಂದೊಂದೂ ತೆಂಗಿನಕಾಯಿ ಗಾತ್ರದವು. ಅಪಾರ್ಟ್‌ಮೆಂಟಿನ ಪೈಪು ಜೋಡಿಸಿದ ದಿನ ಕಂಪನಿಯ ಗುತ್ತಿಗೆದಾರನ ಆಳುಗಳು ಮಿಕ್ಕ ಸಿಮೆಂಟನ್ನು ಇದೇ ಮ್ಯಾನ್‌ಹೋಲಿಗೆ ಸುರಿದು ಹೋಗಿದ್ದರು. ಅಷ್ಟೇ. ಒಂದು ಬೆಳಗಿನ ಕೆಲಸ. ಇದಕ್ಕೆ ನಮ್ಮ ಅಜ್ಜಿ ಮಂಚ ಸಮೇತ ಹೋಗಬೇಕಾಯಿತು.

ಹೊರಡುವಾಗ ಮ್ಯಾನೇಜರು ನನ್ನ ಕೈ ಕುಲುಕಲು ಬಂದರು. ನಾನು ಕೈ ಕೊಡಲಿಲ್ಲ. "ಮಂಚ ಹೊರೋಕೆ ಟೆಂಪೋ ಇಲ್ಲದವರು ಏನು ಮಾಡಬೇಕು ಸಾರ್?" ಅಂತ ಕೇಳಿದೆ. ಅವರು ಒದ್ದೆ ಬೂಟನ್ನು ನೋಡಿಕೊಂಡು ಗಾಡಿ ಹತ್ತಿದರು.

ಎರಡು ದಿನದಲ್ಲಿ ಅಜ್ಜಿಯ ಗಾಯದ ಬಣ್ಣ ತಿರುಗಿತು. ಆಸ್ಪತ್ರೆಗೆ ಒಯ್ದೆವು. ಕಾಲು ಉಳಿಯುತ್ತದೆ, ಎರಡು ಬೆರಳು ತೆಗೆಯಬೇಕು ಅಂದರು ಡಾಕ್ಟರು. ಅಜ್ಜಿ ಅವರ ಮುಖವನ್ನೇ ನೋಡಿ, "ಕಿರಿಯವೆರಡನ್ನ ತಗೊಳ್ಳಿ, ಅವು ಯಾವಾಗಲೂ ಸೋಮಾರಿಗಳು," ಅಂದಳು. ಡಾಕ್ಟರು ನಕ್ಕರು. ಅವರು ಆಚೆ ಹೋದ ಮೇಲೆ ಅಜ್ಜಿ ಗೋಡೆ ಕಡೆ ಮಗ್ಗುಲಾದಳು, ಸಂಜೆಯವರೆಗೆ ಈ ಕಡೆ ತಿರುಗಲಿಲ್ಲ.

ಈಗ ಬೆಳಗ್ಗೆ ನಮ್ಮ ನೆಲ ಒಣಗಿರುತ್ತದೆ. ಅಜ್ಜಿ ಹಿಮ್ಮಡಿಯೂರಿ, ನನ್ನ ಭುಜ ಹಿಡಿದು, ಮಂಚದಿಂದ ಬಚ್ಚಲಿಗೆ ನಡೆಯುತ್ತಾಳೆ. ನಾಲ್ಕು ಹೆಜ್ಜೆಯ ದಾರಿ ಎಂಟಾಗಿದೆ. ನಡುವೆ ಒಂದು ಕಡೆ ನಿಂತು ಉಸಿರು ತೆಗೆದುಕೊಳ್ಳುತ್ತಾಳೆ. ಆಗ ಕೆಳಗೆ, ನೆಲದಡಿಯಲ್ಲಿ, ಅಪಾರ್ಟ್‌ಮೆಂಟಿನ ನೀರು ಸರಾಗವಾಗಿ ಹೋಗುವ ಸದ್ದು ಕೇಳಿಸುತ್ತದೆ.

"ಹೋಗ್ತಾ ಇದೆ," ಅಂದಳು ಇವತ್ತು.

"ಹೂಂ."

"ಮೊದಲೇ ಹೋಗಬಹುದಿತ್ತಲ್ಲೋ."

ಅವಳ ಭಾರವೆಲ್ಲ ನನ್ನ ಭುಜದ ಮೇಲಿತ್ತು. ನಾನು ಹಲ್ಲು ಕಚ್ಚಿಕೊಂಡು, ಅವಳು ಇನ್ನೊಂದು ಹೆಜ್ಜೆ ಇಡುವುದನ್ನು ಕಾದೆ.